ಸುಶಿ: ಬೆಂಗಳೂರಿನ ಕೌಂಟರೋ, ಶಿವಮೊಗ್ಗದ ಪಾರ್ಸಲ್ಲೋ?

ಸುಶಿ ಎಂದರೆ ವಿನೆಗರ್ ಬೆರೆಸಿದ ಅನ್ನದ ಉಂಡೆಯ ಮೇಲೆ ಮೀನಿಟ್ಟ, ಇಲ್ಲವೇ ಅನ್ನದೊಳಗೆ ಮೀನು, ತರಕಾರಿ ಇಟ್ಟು ರೋಲ್ ಸುತ್ತಿದ ಜಪಾನಿ ತಿನಿಸು. ಅದನ್ನು ತಿನ್ನುವುದಾದರೆ ಬೆಂಗಳೂರಿನ ಜಪಾನಿ ಹೋಟೆಲಿನಲ್ಲಿ, ಬಾಣಸಿಗ ಎದುರೇ ಮಾಡಿಕೊಡುವ ಕೌಂಟರ್ ಮುಂದೆ ಕೂತೇ ತಿನ್ನಬೇಕು. ಶಿವಮೊಗ್ಗದಲ್ಲಿ ತರಿಸಿಕೊಳ್ಳುವ ಪಾರ್ಸಲ್ ಅದರ ಹತ್ತಿರಕ್ಕೂ ಬರುವುದಿಲ್ಲ. ತಕರಾರು ಮೀನಿನದ್ದಲ್ಲ, ಅನ್ನದ್ದು.

ಸುಶಿ ಅನ್ನ ಬಾಯಿಗಿಟ್ಟಾಗ ಮೈಬಿಸಿಯಷ್ಟಿರಬೇಕು. 300 ಗ್ರಾಂ ಗಿಡ್ಡ ಕಾಳಿನ ಜಪಾನಿ ಅಕ್ಕಿಗೆ ಸುಮಾರು 60 ಮಿಲಿ ಅಕ್ಕಿ ವಿನೆಗರ್, 2 ದೊಡ್ಡ ಚಮಚ ಸಕ್ಕರೆ, 1 ಚಿಕ್ಕ ಚಮಚ ಉಪ್ಪು. ಅನ್ನ ಹಬೆಯಾಡುತ್ತಿರುವಾಗಲೇ ಅಗಲ ಪಾತ್ರೆಗೆ ಹರವಿ, ಕಾಳು ಮುರಿಯದಂತೆ ಸೌಟನ್ನು ಓರೆಯಾಗಿ ಆಡಿಸಿ, ಗಾಳಿ ಬೀಸಿ ಆರಿಸುತ್ತಾರೆ. ಸೋನಾ ಮಸೂರಿಯಲ್ಲಿ ಈ ಅಂಟು ಬರುವುದಿಲ್ಲ.

ಪಾರ್ಸಲ್ ಕೊಡುವಲ್ಲಿ ರೋಲನ್ನು ಮೊದಲೇ ಸುತ್ತಿ ಫ್ರಿಜ್ಜಿನಲ್ಲಿಟ್ಟಿರುತ್ತಾರೆ. ಆ ತಂಪಿನಲ್ಲಿ ಅನ್ನದ ಪಿಷ್ಟ ಬೇಗ ಮರಳಿ ಗಟ್ಟಿಯಾಗುತ್ತದೆ. ಕಾಳು ಬಿರುಸಾಗಿ, ಅಗಿದರೆ ಹಿಟ್ಟುಹಿಟ್ಟು. ಮೈಕ್ರೋವೇವಿಗಿಟ್ಟರೆ ಅನ್ನ ಮೆತ್ತಗಾದೀತು, ಜೊತೆಗೆ ಒಳಗಿನ ಮೀನೂ ಬೆಂದು ಹೋಗುತ್ತದೆ, ಸೌತೆಕಾಯಿ ನೀರು ಬಿಡುತ್ತದೆ. ಇದಕ್ಕೆ ಮನೆಯಲ್ಲಿ ಪರಿಹಾರವೇ ಇಲ್ಲ.

ಅದರ ಮೇಲೆ ಮಲೆನಾಡಿನ ಮಳೆ. ಡಬ್ಬಿಯಿಂದ ತೆಗೆದಿಟ್ಟ ಹಪ್ಪಳ ನೋಡನೋಡುತ್ತ ಜವುಗುವ ಊರಿನಲ್ಲಿ ರೋಲಿಗೆ ಸುತ್ತುವ ಒಣ ಕಡಲಪಾಚಿಯ ನೋರಿ ಹಾಳೆ ಎಷ್ಟು ಹೊತ್ತು ಗರಿಗರಿ ಇದ್ದೀತು? ಹೊರಗಿನ ತೇವ ಒಂದು, ಅನ್ನದ ಪಸೆ ಇನ್ನೊಂದು. ಮನೆ ತಲುಪುವಷ್ಟರಲ್ಲಿ ಅದು ಹಲ್ಲಿಗೆ ಜಗ್ಗುವ ಚರ್ಮವಾಗಿ, ಕಚ್ಚಿ ಎಳೆದರೆ ರೋಲೇ ಬಿಚ್ಚಿಕೊಳ್ಳುತ್ತದೆ. ಕೌಂಟರಿನಲ್ಲಿ ಬಾಣಸಿಗ ಮುಚ್ಚಿದ ಡಬ್ಬಿಯಿಂದ ಹಾಳೆ ತೆಗೆದು, ಕೈರೋಲ್ ಸುತ್ತಿ ನೇರ ಕೈಗೇ ಕೊಡುತ್ತಾನೆ. ತಟ್ಟೆಯಲ್ಲಿಡದೆ ತಕ್ಷಣ ತಿನ್ನಿ.

ಸುಶಿ ಜೊತೆ ಕೊಡುವ ಖಾರದ ಹಸಿರು ಮುದ್ದೆ, ಅಂದರೆ ವಸಾಬಿ, ಎರಡೂ ಕಡೆ ಬಹುಮಟ್ಟಿಗೆ ಹಸಿರು ಬಣ್ಣ ಹಾಕಿದ ಖಾರದ ಬೇರು ಹಾರ್ಸ್‌ರ‍್ಯಾಡಿಶ್, ವ್ಯತ್ಯಾಸ ಹುಡುಕಬೇಡಿ. ಸೋಯಾ ಸಾಸಿಗೆ ಮೀನಿನ ಬದಿಯನ್ನಷ್ಟೇ ತಾಗಿಸಿ. ಅನ್ನ ಅದ್ದಿದರೆ ಉಂಡೆ ಒಡೆಯುತ್ತದೆ.

ಉಪಚಾರದಲ್ಲೂ ಕೌಂಟರೇ ಮೇಲು, ಮುಖ್ಯವಾಗಿ ಸಸ್ಯಾಹಾರಿಗಳಿಗೆ. ಸೌತೆಕಾಯಿ ರೋಲ್ ಹೇಳಿದ ಮಾತ್ರಕ್ಕೆ ಊಟ ಸಸ್ಯಾಹಾರ ಆಗುವುದಿಲ್ಲ: ಹುದುಗಿಸಿದ ಸೋಯಾದ ಮಿಸೋ ಸೂಪು, ಕರಿದ ತೋಫುವಿನ ಸಾರು, ಸೋಬಾ ನೂಡಲ್ಸ್ ಅದ್ದುವ ರಸ, ಇವಕ್ಕೆಲ್ಲ ಸಾಮಾನ್ಯವಾಗಿ ದಾಶಿ ಎಂಬ ಒಣಮೀನಿನ ತಿಳಿಸಾರೇ ಬುನಾದಿ. ಎದುರಿಗಿರುವ ಬಾಣಸಿಗನನ್ನೇ ಕೇಳಬಹುದು, ಕೊಂಬು ಎಂಬ ಕಡಲಪಾಚಿಯ ದಾಶಿ ಇದ್ದರೆ ಅದರಲ್ಲೇ ಮಾಡಿಕೊಡಿ ಎನ್ನಬಹುದು. ಪಾರ್ಸಲ್ ಆ್ಯಪಿನ ಹಸಿರು ಚುಕ್ಕೆಯನ್ನು ನಂಬಿ ನಾನಂತೂ ಮಿಸೋ ಸೂಪು ತರಿಸುವುದಿಲ್ಲ.

ಖರ್ಚು? ಸುಶಿಗೆಂದೇ ಮುನ್ನೂರು ಕಿಲೋಮೀಟರ್ ಹೋಗುವುದು ನನ್ನ ಜೇಬಿಗೆ ಒಗ್ಗದು. ಬೇರೆ ಕೆಲಸಕ್ಕೆ ರೈಲು ಹತ್ತಿದಾಗ ಮಧ್ಯಾಹ್ನವೇ ಹೋಗುತ್ತೇನೆ; ಸೆಟ್ ಊಟದಲ್ಲಿ ಅನ್ನ, ಸೂಪು, ಉಪ್ಪಿನಕಾಯಿ ಸೇರಿ ರಾತ್ರಿಯ ಬಿಲ್ಲಿಗಿಂತ ಹಗುರ.

ಶಿವಮೊಗ್ಗದಲ್ಲೇ ಆಸೆಯಾದರೆ ಬಿಸಿಯಾಗಿ ತಿನ್ನುವುದನ್ನು ತರಿಸಿ: ಮೋಮೋದಂಥ ಗ್ಯೋಜಾ, ಕರಿದ ಮಾಂಸದ ತುಂಡಿನ ಕಾತ್ಸು ಕರಿ. ಸಾರಿನ ನೂಡಲ್ಸ್ ರಾಮೆನ್ ಆದರೆ ಸಾರು, ನೂಡಲ್ಸ್ ಬೇರೆ ಬೇರೆ ಕಟ್ಟಿಸಿ. ಮನೆಯಲ್ಲಿ ರೋಲ್ ಸುತ್ತುವವರಿಗೆ ಸೌತೆಕಾಯಿ, ಬೆಣ್ಣೆಹಣ್ಣು, ಮೊಟ್ಟೆ ಸಾಕು. ತುಂಗೆಯ ಮೀನನ್ನು ಹಸಿಯಾಗಿ ಮುಟ್ಟಲೇಬೇಡಿ: ಹೊಳೆಮೀನಿನಲ್ಲಿ ಪರೋಪಜೀವಿಗಳ ಭಯವಿದೆ. ಅವು ಸಾಯಲು −20 ಡಿಗ್ರಿಯಲ್ಲಿ 7 ದಿನ ಇಡಬೇಕು, ಮನೆಯ ಫ್ರೀಜರ್ ಅಷ್ಟು ತಂಪನ್ನು ಬಿಡದೆ ಹಿಡಿದಿಡುತ್ತದೆ ಎಂಬ ಖಾತ್ರಿಯಿಲ್ಲ.