ಆಡಿಟ್ ಪಾಸ್ ಅಂತ ಪಿಡಿಎಫ್ ಕೊಟ್ಟರು, ಕೋಡ್ ಓದಿರಲೇ ಇಲ್ಲ

ಕ್ರಿಪ್ಟೋ ಟೋಕನ್ ಬಿಡುಗಡೆ ಮಾಡಲು ಹೊರಟಿರುವವರು, ಸ್ಮಾರ್ಟ್ ಕಾಂಟ್ರಾಕ್ಟ್ (ಬ್ಲಾಕ್‌ಚೈನ್ ಮೇಲೆ ತಾನಾಗಿಯೇ ಓಡುವ ಕೋಡ್) ಆಡಿಟ್‌ಗೆ, ಅಂದರೆ ಅದರಲ್ಲಿ ದೋಷ ಇದೆಯೇ ಅಂತ ನೋಡಿಸಲು, ಜನ ಹುಡುಕುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಸಿಟ್ಟು ಇನ್ನೂ ಇಳಿದಿಲ್ಲ. ಹೇಳಿದ್ದನ್ನೇ ಮತ್ತೆ ಹೇಳಿದರೆ ಸಹಿಸಿಕೊಳ್ಳಿ.

ನಮ್ಮದು ಸಣ್ಣ ತಂಡ. ಇಥೀರಿಯಂನ ಇಆರ್‌ಸಿ-20 ಮಾದರಿಯ ಒಂದು ಟೋಕನ್, ಅದರ ಜೊತೆಗೆ ಒಂದು ಸ್ಟೇಕಿಂಗ್ ಕಾಂಟ್ರಾಕ್ಟ್, ಅಂದರೆ ಜನ ಟೋಕನ್ ಇಟ್ಟು ಆಮೇಲೆ ವಾಪಸ್ ತೆಗೆಯುವ ಕೋಡ್. ಟೋಕನ್ ಒಬ್ಬರಿಂದ ಇನ್ನೊಬ್ಬರಿಗೆ ಹೋದಾಗಲೆಲ್ಲ ಶೇ. 2ರಷ್ಟು ಕಡಿತವಾಗಿ ಯೋಜನೆಯ ನಿಧಿಗೆ ಸೇರುತ್ತದೆ. ಇದೇನೂ ಗುಟ್ಟಲ್ಲ. ವೈಟ್‌ಪೇಪರ್‌ನಲ್ಲಿ ಇತ್ತು, ಕೋಡ್‌ನಲ್ಲಿ ಇತ್ತು, ಆಡಿಟ್ ಕಂಪನಿಗೆ ಬರೆದ ಮೊದಲ ಮೇಲ್‌ನಲ್ಲೂ ಇತ್ತು. ಈ ಶೇ. 2 ಅನ್ನೋದನ್ನು ನೆನಪಿಟ್ಟುಕೊಳ್ಳಿ.

ಒಂದು ಸಲ ಚೈನ್ ಮೇಲೆ ಹೋದ ಕೋಡ್ ತಿದ್ದಲು ಬರುವುದಿಲ್ಲ. ಪ್ರಾಕ್ಸಿ (ಕೆಲಸವನ್ನು ಬೇರೆ ಕೋಡ್‌ಗೆ ದಾಟಿಸುವ ಮಧ್ಯದ ಕಾಂಟ್ರಾಕ್ಟ್) ಇಟ್ಟರೆ ತಿದ್ದಬಹುದು, ನಿಜ. ಆದರೆ ಆಗ ಜನರ ಟೋಕನ್ ಎಲ್ಲ ನಮ್ಮ ಕೀಲಿಯ ಕೈಯಲ್ಲಿರುತ್ತದೆ. ಅದು ಬೇಡ ಅಂತಲೇ ನಾವು ಪ್ರಾಕ್ಸಿ ಇಡಲಿಲ್ಲ. 2016ರಲ್ಲಿ ದಿ ಡಾವ್ ಅನ್ನುವ ಇಥೀರಿಯಂ ಹೂಡಿಕೆ ನಿಧಿಯಿಂದ ಸುಮಾರು 36 ಲಕ್ಷ ಈಥರ್ ಹೊರಗೆ ಹೋದದ್ದು ರೀಎಂಟ್ರನ್ಸಿ (ಲೆಕ್ಕ ಬರೆದುಕೊಳ್ಳುವ ಮೊದಲೇ ಮತ್ತೆ ಮತ್ತೆ ಹಣ ತೆಗೆಯಲು ಬರುವುದು) ಅನ್ನುವ ಒಂದು ದೋಷದಿಂದ. ಇಂಥದ್ದು ಆಗಬಾರದು, ಬೇರೆ ಕಣ್ಣುಗಳು ಕೋಡ್ ನೋಡಲಿ ಅಂತ ತಾನೇ ಆಡಿಟ್ ಮಾಡಿಸೋದು?

ಕಂಪನಿಯವರು ಮೊದಲು ತುಂಬಾ ಚೆನ್ನಾಗಿ ಮಾತಾಡಿದರು. 'ಪ್ರತಿ ಸಾಲನ್ನೂ ಇಬ್ಬರು ಆಡಿಟರ್‌ಗಳು ಕೈಯಾರೆ ಓದುತ್ತಾರೆ' ಅಂದರು. ಮೊದಲ ಕಂತು ಕೊಟ್ಟೆವು, ರೆಪೊ (ಕೋಡ್ ಇಟ್ಟ ಜಾಗ) ತೆರೆದುಕೊಟ್ಟೆವು, ಕೋಡ್‌ನ ಯಾವ ಆವೃತ್ತಿ ಅಂತ ಹೇಳುವ ಕಮಿಟ್ ಹ್ಯಾಶ್ ಕಳಿಸಿದೆವು. ಆಮೇಲೆ ಅವರ ಕಡೆಯಿಂದ ಒಂದೇ ಒಂದು ಪ್ರಶ್ನೆ ಬರಲಿಲ್ಲ. ಒಂದೂ ಇಲ್ಲ. ಈ ಫಂಕ್ಷನ್ ಯಾಕಿದೆ, ಓನರ್‌ಗೆ ಈ ಅಧಿಕಾರ ಯಾಕೆ, ಕಡಿತದ ಹಣ ಎಲ್ಲಿಗೆ ಹೋಗುತ್ತದೆ, ಏನೂ ಕೇಳಲಿಲ್ಲ. ನಿಜವಾಗಿ ಕೋಡ್ ಓದುವವರು ಪ್ರಶ್ನೆ ಕೇಳಿ ಕೇಳಿ ತಲೆ ತಿನ್ನುತ್ತಾರೆ ಅನ್ನೋದು ಈ ಕೆಲಸ ಗೊತ್ತಿರುವ ಎಲ್ಲರಿಗೂ ಗೊತ್ತು.

ವರದಿ ಬಂತು. ಕ್ರಿಟಿಕಲ್ ಸೊನ್ನೆ, ಹೈ ಸೊನ್ನೆ, ಮೀಡಿಯಂ ಸೊನ್ನೆ. ಕೆಳಗೆ ಒಂದಷ್ಟು ಲೋ ಮತ್ತು ಇನ್ಫರ್ಮೇಶನಲ್, ಅಂದರೆ ಸಣ್ಣಪುಟ್ಟ ಟಿಪ್ಪಣಿಗಳು: ಪ್ರಾಗ್ಮಾ ಆವೃತ್ತಿ ಒಂದಕ್ಕೇ ಕಟ್ಟಿಲ್ಲ, ಒಂದು ಕಡೆ ಝೀರೋ ಅಡ್ರೆಸ್ ಚೆಕ್ ಇಲ್ಲ, ಒಂದು ಇವೆಂಟ್ ಬಿಟ್ಟುಹೋಗಿದೆ. ಅವನ್ನೆಲ್ಲ ಸರಿ ಮಾಡಿದೆವು. ಎರಡನೇ ಕಂತು ಕೊಟ್ಟೆವು. 'ಪಾಸ್' ಅನ್ನುವ ಬ್ಯಾಡ್ಜ್ ಬಂತು. ಅದನ್ನು ನಮ್ಮ ಪುಟದ ಮೇಲ್ಗಡೆ ಹಾಕಿದೆವು. ಜನ ಅದನ್ನು ನೋಡಿಯೇ ಸ್ಟೇಕ್ ಮಾಡಿದರು.

ಕೆಲವು ತಿಂಗಳು ಎಲ್ಲ ಸರಿಯಿತ್ತು. ಆಮೇಲೆ ಟೆಲಿಗ್ರಾಂನಲ್ಲಿ ಒಬ್ಬರು 'ನನ್ನ ಟೋಕನ್ ಹೊರಗೆ ಬರುತ್ತಿಲ್ಲ' ಅಂದರು. ಗ್ಯಾಸ್ (ಚೈನ್‌ಗೆ ಕೊಡುವ ಶುಲ್ಕ) ಕಡಿಮೆ ಇಟ್ಟಿರಬಹುದು ಅಂದುಕೊಂಡೆವು. ಇನ್ನೊಬ್ಬರು ಅದೇ ಹೇಳಿದರು. ಮತ್ತೊಬ್ಬರು ಸ್ಕ್ರೀನ್‌ಶಾಟ್ ಹಾಕಿದರು, ಟ್ರಾನ್ಸಾಕ್ಷನ್ ಫೇಲ್. ಕೂತು ನೋಡಿದರೆ ಕಾಂಟ್ರಾಕ್ಟ್ ಜನರಿಗೆ ಕೊಡಬೇಕಾದ ಮೊತ್ತಕ್ಕಿಂತ ಅದರಲ್ಲಿ ಇರುವ ಟೋಕನ್ ಕಡಿಮೆ!

ಯಾರೂ ಕದ್ದಿರಲಿಲ್ಲ. ಕಾರಣ ಇಷ್ಟೇ. ಒಬ್ಬರು 100 ಟೋಕನ್ ಸ್ಟೇಕ್ ಮಾಡಿದರೆ ಕಡಿತ ಕಳೆದು ಕಾಂಟ್ರಾಕ್ಟ್‌ಗೆ ಬರುವುದು 98. ಆದರೆ ಅದು ಬರೆದುಕೊಳ್ಳುತ್ತಿದ್ದದ್ದು 100. ವಾಪಸ್ ಕೇಳಿದಾಗ ಕಳಿಸುತ್ತಿದ್ದದ್ದೂ 100. ಕೊರತೆಯಾದ 2 ಟೋಕನ್ ಬೇರೆ ಯಾರದೋ ಪಾಲಿನದು. ಪ್ರತಿ ಸಲ ಯಾರಾದರೂ ಹಾಕಿದಾಗ ಈ ಕೊರತೆ ಬೆಳೆಯುತ್ತದೆ. ತೆಗೆದು ಮತ್ತೆ ಹಾಕಿದರೆ ಇನ್ನೂ ಜಾಸ್ತಿ. ಮೊದಲು ತೆಗೆದುಕೊಂಡವರಿಗೆ ಕಾಂಟ್ರಾಕ್ಟ್ ಪೂರ್ತಿ ಮೊತ್ತ ಕಳಿಸಿತು. ನಮ್ಮನ್ನು ನಂಬಿ ಕೊನೆಯವರೆಗೂ ಇದ್ದವರಿಗೆ ಸಿಗಲಿಲ್ಲ.

ಇದೇನು ಯಾರೂ ಕೇಳದ ದೋಷವೇ? ಅಲ್ಲವೇ ಅಲ್ಲ. ಟೋಕನ್ ವಿನಿಮಯ ಮಾಡಿಕೊಡುವ ಯುನಿಸ್ವಾಪ್‌ನ ಎರಡನೇ ಆವೃತ್ತಿ ಬಂದದ್ದು 2020ರಲ್ಲಿ, ಅದರ ರೂಟರ್‌ನಲ್ಲಿ (ವಿನಿಮಯವನ್ನು ನಡೆಸಿಕೊಡುವ ಕಾಂಟ್ರಾಕ್ಟ್‌ನಲ್ಲಿ) ಇಂಥ ಕಡಿತದ ಟೋಕನ್‌ಗಳಿಗೆ ಅಂತಲೇ ಬೇರೆ ಫಂಕ್ಷನ್‌ಗಳಿವೆ. ಅದೇ ವರ್ಷ ಜೂನ್‌ನಲ್ಲಿ ಬ್ಯಾಲನ್ಸರ್ ಅನ್ನುವ ಇನ್ನೊಂದು ವಿನಿಮಯ ತಾಣದ ಒಂದು ಪೂಲ್ (ಜನ ಸೇರಿಸಿಟ್ಟ ಟೋಕನ್‌ಗಳ ನಿಧಿ) ಖಾಲಿಯಾದದ್ದೂ ಕಡಿತ ಇರುವ ಟೋಕನ್‌ನ ಲೆಕ್ಕ ತಪ್ಪಿದ್ದರಿಂದಲೇ. ಪರಿಹಾರವೂ ಎಲ್ಲರಿಗೂ ಗೊತ್ತಿರುವುದೇ: ಟೋಕನ್ ಬರುವ ಮೊದಲು ಬ್ಯಾಲೆನ್ಸ್ ನೋಡು, ಬಂದ ಮೇಲೆ ನೋಡು, ಎಷ್ಟು ಜಾಸ್ತಿಯಾಯಿತೋ ಅಷ್ಟನ್ನೇ ಬರೆದುಕೋ. ಎರಡು ಫೈಲ್ ಪಕ್ಕಪಕ್ಕ ತೆರೆದು ಓದಿದ ಯಾರಿಗೇ ಆದರೂ ಮೊದಲ ದಿನವೇ ಕಾಣಬೇಕಿತ್ತು.

ಆಗ ವರದಿಯನ್ನು ಮತ್ತೆ ತೆರೆದೆವು. 'ಪರಿಶೀಲಿಸಿದ ಅಂಶಗಳು' ಅನ್ನುವ ಉದ್ದನೆಯ ಭಾಗದಲ್ಲಿ, ಇಂಟೀಜರ್ ಓವರ್‌ಫ್ಲೋ (ಸಂಖ್ಯೆ ಮಿತಿ ಮೀರಿ ಲೆಕ್ಕ ತಪ್ಪುವುದು) ಅನ್ನುವುದರ ಎದುರು ಹೀಗಿತ್ತು: 'ಕಾಂಟ್ರಾಕ್ಟ್ ಸೇಫ್‌ಮ್ಯಾಥ್ ಲೈಬ್ರರಿಯನ್ನು ಸರಿಯಾಗಿ ಬಳಸಿದೆ. ಪಾಸ್.'

ನಮ್ಮ ಕೋಡ್‌ನಲ್ಲಿ ಸೇಫ್‌ಮ್ಯಾಥ್ ಇಲ್ಲ. ಎಲ್ಲೂ ಇಲ್ಲ. ಅದು ಓವರ್‌ಫ್ಲೋ ತಡೆಯಲು ಹಿಂದೆ ಬಳಸುತ್ತಿದ್ದ ಲೈಬ್ರರಿ. ನಾವು ಬರೆದದ್ದು ಸಾಲಿಡಿಟಿ ಭಾಷೆಯ 0.8 ಆವೃತ್ತಿಯಲ್ಲಿ. 2020ರ ಡಿಸೆಂಬರ್‌ನಲ್ಲಿ ಬಂದ ಆ ಆವೃತ್ತಿಯಿಂದ ಓವರ್‌ಫ್ಲೋ ಆದರೆ ಕಂಪೈಲರ್ ಹಾಕಿದ ಚೆಕ್ಕೇ ಅದನ್ನು ತಡೆಯುತ್ತದೆ, ಸೇಫ್‌ಮ್ಯಾಥ್ ಬೇಕಾಗಿಲ್ಲ. ಇಲ್ಲದ ಲೈಬ್ರರಿಯನ್ನು ನಾವು ಸರಿಯಾಗಿ ಬಳಸಿದ್ದೇವೆ ಅಂತ ನಮಗೆ ಪಾಸ್ ಕೊಟ್ಟಿದ್ದಾರೆ! ಆ ಸಾಲು ನೋಡಿ ನನ್ನ ಕೈಕಾಲು ತಣ್ಣಗಾಯಿತು. ಅದು ಯಾರದೋ ಹಳೆಯ ವರದಿಯಿಂದ ಬಂದ ಸಾಲು. ಇದೇ ಪಿಡಿಎಫ್ ತೋರಿಸಿ ಜನರಿಗೆ ಧೈರ್ಯ ಹೇಳಿದ್ದೆವು.

ಅನುಮಾನ ಬಂದು ಅದೇ ಕಮಿಟ್ ಮೇಲೆ ನಾವೇ ಸ್ಲಿದರ್ ಓಡಿಸಿದೆವು. ಅದು ಕೋಡ್‌ನಲ್ಲಿ ದೋಷಗಳನ್ನು ತಾನಾಗಿಯೇ ಹುಡುಕುವ, ಯಾರು ಬೇಕಾದರೂ ಪುಕ್ಕಟೆ ಬಳಸಬಹುದಾದ ಟೂಲ್. ವರದಿಯಲ್ಲಿದ್ದ ಲೋ ಮತ್ತು ಇನ್ಫರ್ಮೇಶನಲ್ ಎಲ್ಲವೂ ಅದರಲ್ಲಿ ಬಂತು, ಅದೇ ಕ್ರಮದಲ್ಲಿ, ಹೆಚ್ಚುಕಡಿಮೆ ಅದೇ ಮಾತುಗಳಲ್ಲಿ. ಟೂಲ್ ಹೇಳದ ಒಂದೇ ಒಂದು ವಿಷಯವೂ ವರದಿಯಲ್ಲಿರಲಿಲ್ಲ.

ಅವರಿಗೆ ಬರೆದೆವು. ಮೊದಲ ಉತ್ತರ: 'ಹ್ಯಾಕ್ ಆಗಿಲ್ಲವಲ್ಲ, ಹಾಗಾಗಿ ಭದ್ರತಾ ವರದಿಯಲ್ಲಿ ತಪ್ಪಿಲ್ಲ.' ಜನರ ಟೋಕನ್ ಸಿಕ್ಕಿಕೊಂಡಿದೆ ಅಂದೆವು. ಆಗ ಬಂದದ್ದು: 'ಎರಡೂ ಕಾಂಟ್ರಾಕ್ಟ್‌ಗಳನ್ನು ಬೇರೆ ಬೇರೆಯಾಗಿ ನೋಡಿದ್ದೇವೆ. ಅವುಗಳ ನಡುವಿನ ವ್ಯವಹಾರ ಸ್ಕೋಪ್‌ನಲ್ಲಿ ಬರುವುದಿಲ್ಲ.' ಸ್ಕೋಪ್ ಪುಟದಲ್ಲಿ, ಅಂದರೆ ಏನೇನು ಪರಿಶೀಲಿಸುತ್ತಾರೆ ಅಂತ ಬರೆದ ಪುಟದಲ್ಲಿ, ಎರಡೂ ಫೈಲ್‌ಗಳ ಹೆಸರು ಒಂದರ ಕೆಳಗೆ ಒಂದಿದೆ. ಆ ಸ್ಟೇಕಿಂಗ್ ಕಾಂಟ್ರಾಕ್ಟ್ ಇರುವುದೇ ಆ ಟೋಕನ್‌ಗಾಗಿ. ಬೇರೆ ಬೇರೆಯಾಗಿ ನೋಡಿದರೆ ನೋಡಿದ್ದೇನು?

ಸೇಫ್‌ಮ್ಯಾಥ್ ಬಗ್ಗೆ ಕೇಳಿದ್ದಕ್ಕೆ 'ಅದು ಟೆಂಪ್ಲೇಟ್‌ನಲ್ಲಿ ಬರುವ ವಾಕ್ಯ, ಫಲಿತಾಂಶಕ್ಕೆ ಸಂಬಂಧವಿಲ್ಲ' ಅಂದರು. ಹಾಗಾದರೆ ಕೋಡ್ ಓದಿದ ಆ ಇಬ್ಬರು ಯಾರು, ಅವರ ಜೊತೆ ಮಾತಾಡಿಸಿ ಅಂದೆ. 'ಆಡಿಟರ್‌ಗಳ ವಿವರ ಹಂಚಿಕೊಳ್ಳುವುದಿಲ್ಲ.' ಕೊನೆಗೆ ಒಂದು ಕೊಡುಗೆಯೂ ಬಂತು: ಹೊಸ ಕಾಂಟ್ರಾಕ್ಟ್ ಬರೆದರೆ ಮರು ಆಡಿಟ್‌ಗೆ ರಿಯಾಯಿತಿ ಕೊಡುತ್ತಾರಂತೆ. ಇದನ್ನು ಓದಿದಾಗ ಬಂದ ಸಿಟ್ಟನ್ನು ಇಲ್ಲಿ ಬರೆಯಲು ಆಗುವುದಿಲ್ಲ.

ಆಡಿಟ್ ಅಂದರೆ ಗ್ಯಾರಂಟಿ ಅಲ್ಲ ಅನ್ನೋದು ನನಗೂ ಗೊತ್ತು. ವರದಿಯ ಕೊನೆ ಪುಟದಲ್ಲಿ ಅವರೂ ಹಾಗೇ ಬರೆದಿದ್ದಾರೆ, ಎಲ್ಲರೂ ಬರೆಯುತ್ತಾರೆ. ಯೂಲರ್ ಫೈನಾನ್ಸ್ ಅನ್ನುವ ಕ್ರಿಪ್ಟೋ ಸಾಲದ ವೇದಿಕೆಯ ಕೋಡನ್ನು ಹಲವು ಕಂಪನಿಗಳು ಆಡಿಟ್ ಮಾಡಿದ್ದವು. ಆದರೂ 2023ರ ಮಾರ್ಚ್‌ನಲ್ಲಿ ಅಲ್ಲಿಂದ 19 ಕೋಟಿಗೂ ಹೆಚ್ಚು ಡಾಲರ್ ಹೋಯಿತು. ಓದಿ, ತಲೆ ಕೆಡಿಸಿಕೊಂಡು, ಆದರೂ ಒಂದು ದೋಷ ತಪ್ಪಿಸಿಕೊಂಡರೆ ಅದನ್ನು ಒಪ್ಪಬಹುದು. ಇವರು ಓದಲೇ ಇಲ್ಲ. ನಾವು ದುಡ್ಡು ಕೊಟ್ಟದ್ದು ಓದುವುದಕ್ಕೆ.

ಕೊರತೆಯನ್ನು ಯೋಜನೆಯ ನಿಧಿಯಿಂದ ತುಂಬಿದೆವು, ಸಿಕ್ಕಿಕೊಂಡವರಿಗೆ ಅವರದು ಸಿಕ್ಕಿತು. ಆದರೆ ಹೋದ ನಂಬಿಕೆ ವಾಪಸ್ ಬಂದಿಲ್ಲ. 'ನೀವೂ ಅವರೂ ಸೇರಿಯೇ ಮಾಡಿದ್ದು' ಅಂತ ಹೇಳುವವರು ಈಗಲೂ ಇದ್ದಾರೆ. ಅವರಿಗೆ ಏನು ಉತ್ತರ ಕೊಡಲಿ?

ಕಂಪನಿಯ ಹೆಸರು ಹಾಕಿಲ್ಲ. ಇದೇ ರೀತಿ ಕೆಲಸ ಮಾಡುವವರು ಅವರೊಬ್ಬರೇ ಅಲ್ಲ. ನೀವು ಯಾರಿಗೇ ಕೊಡುವುದಿದ್ದರೂ ಮೊದಲು ಸ್ಲಿದರ್ ನೀವೇ ಓಡಿಸಿ ಇಟ್ಟುಕೊಳ್ಳಿ, ಬಂದ ವರದಿಯ ಜೊತೆ ಹೋಲಿಸಿ. ಆಡಿಟರ್ ಜೊತೆ ನೇರ ಮಾತಾಡಬೇಕು ಅಂತ ಒಪ್ಪಂದದಲ್ಲೇ ಬರೆಸಿ. ನಿಮ್ಮ ಕೋಡ್‌ನಲ್ಲಿ ಇಲ್ಲದ್ದು ವರದಿಯಲ್ಲಿ ಒಂದಿದ್ದರೂ ಎರಡನೇ ಕಂತು ಕೊಡಬೇಡಿ. ಟೋಕನ್ ಕೊಳ್ಳುವವರು ಬ್ಯಾಡ್ಜ್ ನೋಡಿ ಸುಮ್ಮನಾಗಬೇಡಿ, ಪಿಡಿಎಫ್ ತೆರೆದು ಓದಿ.

ನಮ್ಮ ವರದಿಯನ್ನು ಸೈಟ್‌ನಿಂದ ತೆಗೆಯಿರಿ ಅಂತ ಅವರನ್ನು ಕೇಳಿದೆವು. 'ಪ್ರಕಟವಾದ ವರದಿಯನ್ನು ಹಿಂಪಡೆಯುವ ಪದ್ಧತಿ ನಮ್ಮಲ್ಲಿಲ್ಲ' ಅಂದರು. ಅದು ಇನ್ನೂ ಅಲ್ಲೇ ಇದೆ, ಹಸಿರು ಬಣ್ಣದ ಪಾಸ್ ಜೊತೆಗೆ. ಹಳೆಯ ಸ್ಟೇಕಿಂಗ್ ಕಾಂಟ್ರಾಕ್ಟ್ ಕೂಡ ಚೈನ್ ಮೇಲೆ ಹಾಗೇ ತೆರೆದಿದೆ, ಅದನ್ನು ಮುಚ್ಚಲು ನಮ್ಮಿಂದಲೂ ಆಗುವುದಿಲ್ಲ. ನಮ್ಮ ಟೋಕನ್ ಇಟ್ಟುಕೊಂಡಿರುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಆ ವರದಿಯಲ್ಲಿರುವ ವಿಳಾಸಕ್ಕೆ ಏನನ್ನೂ ಹಾಕಬೇಡಿ.