ಬೋನ್ಸಾಯ್‌ಗೆ ಅಕಡಾಮ ಬೇಕೇ ಬೇಕಾ? ಮೂರು ಮಣ್ಣು, ಒಂದು ಸಿದ್ಧ ಪ್ಯಾಕೆಟ್

ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಒಂದೇ ಚೀಲ ಕೊಳ್ಳಬೇಕು ಅಂತಾದರೆ ನಾನು ಪ್ಯೂಮಿಸ್ (ತೂತು ತೂತಾದ ಹಗುರ ಜ್ವಾಲಾಮುಖಿ ಕಲ್ಲು) ಕೊಳ್ಳುತ್ತೇನೆ. ಎರಡಾದರೆ ಜೊತೆಗೆ ಅಕಡಾಮ, ಅಂದರೆ ಜಪಾನಿನಿಂದ ಬರುವ ಕಾಳು ಕಾಳಾದ ಜೇಡಿ. ಮೂರನೆಯದು ಲಾವಾ ಕಲ್ಲಿನ ಕಾಳು. ‘ಬೋನ್ಸಾಯ್ ಮಿಕ್ಸ್’ ಅಂತ ಬರೆದಿರುವ ಸಿದ್ಧ ಪ್ಯಾಕೆಟ್ಟನ್ನು ಮಾತ್ರ ಜರಡಿ ಹಿಡಿಯದೆ ಯಾವ ಗಿಡಕ್ಕೂ ಹಾಕುವುದಿಲ್ಲ. ನನ್ನ ಹತ್ತಿರ ಇರುವುದು ಫೈಕಸ್ (ಆಲದ ಜಾತಿ), ಜುನಿಪರ್ (ಪೈನ್‌ನಂಥ ನಿತ್ಯಹಸಿರು) ಮತ್ತು ಟ್ರೈಡೆಂಟ್ ಮೇಪಲ್ (ಎಲೆ ಉದುರಿಸುವ ಮರ). ಈ ಮಣ್ಣುಗಳನ್ನು ಬೇರೆ ಬೇರೆ ಅಳತೆಯಲ್ಲಿ ಕಲಸಿ ಹಾಕಿ, ಮುಂದಿನ ಸಲ ಕುಂಡದಿಂದ ಎತ್ತಿದಾಗ ಬೇರು ಹೇಗಿದೆ ಅಂತ ನೋಡಿದ ಮೇಲೆ ಬಂದ ಅಭಿಪ್ರಾಯ ಇದು.

ಪ್ಯಾಕೆಟ್ ವಿಷಯ ಬೇಗ ಮುಗಿಸೋಣ. ಒಂದನ್ನು 2 ಮಿಲಿಮೀಟರ್ ಜರಡಿಗೆ ಸುರಿದೆ. ಅರ್ಧಕ್ಕಿಂತ ಜಾಸ್ತಿ ಕೆಳಗೆ ಬಿತ್ತು. ಬಿದ್ದದ್ದು ಕೋಕೋಪೀಟ್ ಪುಡಿ, ಸಣ್ಣ ಮರಳು, ತೊಗಟೆಯ ಚೂರು. ಮೇಲೆ ಉಳಿದದ್ದು ಚೆನ್ನಾಗಿಯೇ ಇತ್ತು, ಆದರೆ ಅದು ಒಂದು ಸಣ್ಣ ಕುಂಡಕ್ಕೂ ಸಾಲದಷ್ಟು. ಆ ಪುಡಿಯಲ್ಲಿ ದೊಡ್ಡ ಕುಂಡದ ಹೂವಿನ ಗಿಡ ಬೆಳೆಯಬಹುದು. ಬೋನ್ಸಾಯ್ ಬೆಳೆಸುವ ಆಳವಿಲ್ಲದ ತಟ್ಟೆಯಂಥ ಕುಂಡಕ್ಕೆ ಅದು ಸರಿಯಲ್ಲ. ಕಾರಣ ಗೊತ್ತಾದರೆ ಮಣ್ಣಿನ ಹೆಸರು ನೋಡಿ ಮರುಳಾಗುವುದು ತಪ್ಪುತ್ತದೆ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಯಾವ ಕುಂಡದಲ್ಲೇ ಆಗಲಿ, ನೀರು ಹಾಕಿದ ಮೇಲೆ ತಳದಲ್ಲಿ ಒಂದು ಪದರ ಪೂರ್ತಿ ನೆಂದೇ ಇರುತ್ತದೆ. ತೂತು ಎಷ್ಟು ದೊಡ್ಡದಿದ್ದರೂ ಆ ನೀರು ತಾನಾಗಿ ಇಳಿದು ಹೋಗುವುದಿಲ್ಲ. ಕಾಳು ಸಣ್ಣದಾದಷ್ಟೂ ಆ ಪದರ ದಪ್ಪ. ಆಳವಾದ ಕುಂಡದಲ್ಲಿ ಅದರ ಮೇಲೆ ಬೇರಿಗೆ ಉಸಿರಾಡಲು ಜಾಗ ಉಳಿಯುತ್ತದೆ. ನಾಲ್ಕೈದು ಸೆಂಟಿಮೀಟರ್ ಆಳದ ತಟ್ಟೆಯಲ್ಲಿ ಪುಡಿಮಣ್ಣು ತುಂಬಿದರೆ ಮೇಲಿನಿಂದ ಕೆಳಗಿನವರೆಗೆ ಆ ನೆಂದ ಪದರವೇ! ನಂಬಿಕೆ ಬರದಿದ್ದರೆ ಒಂದು ಸ್ಪಂಜನ್ನು ಪೂರ್ತಿ ನೆನೆಸಿ, ಮಲಗಿಸಿದ ಹಾಗೆ ಹಿಡಿಯಿರಿ. ತೊಟ್ಟಿಕ್ಕುವುದು ನಿಂತ ಮೇಲೆ ಅದನ್ನೇ ನೆಟ್ಟಗೆ ಹಿಡಿಯಿರಿ. ಮತ್ತೆ ನೀರು ಸುರಿಯುತ್ತದೆ. ಸ್ಪಂಜು ಅದೇ, ಬದಲಾಗಿದ್ದು ಎತ್ತರ ಮಾತ್ರ. ತಳಕ್ಕೆ ಜಲ್ಲಿ ಹಾಕಿದರೆ ನೀರು ಚೆನ್ನಾಗಿ ಇಳಿಯುತ್ತದೆ ಅನ್ನುವವರೂ ಇದ್ದಾರೆ. ಜಲ್ಲಿಯ ಮೇಲೆ ಪುಡಿಮಣ್ಣು ಇದ್ದರೆ ಆ ನೆಂದ ಪದರ ಜಲ್ಲಿಯ ಮೇಲಕ್ಕೆ ಏರಿ ಕೂರುತ್ತದೆ, ಅಷ್ಟೇ. ಬೇರಿಗೆ ಇನ್ನೂ ಹತ್ತಿರ.

ಹಾಗಾಗಿ ನಾನು ಮೊದಲು ನೋಡುವುದು ಕಾಳಿನ ಗಾತ್ರ. ಸಾಮಾನ್ಯ ಗಿಡಗಳಿಗೆ 2ರಿಂದ 6 ಮಿಲಿಮೀಟರ್. ಅಂಗೈ ಮೇಲೆ ಕೂರುವಷ್ಟು ಪುಟ್ಟ ಗಿಡಗಳಿಗೆ 1ರಿಂದ 3. ಕಾಳುಗಳು ಹೆಚ್ಚುಕಮ್ಮಿ ಒಂದೇ ಗಾತ್ರದಲ್ಲಿರಬೇಕು. ದೊಡ್ಡದು ಸಣ್ಣದು ಬೆರೆತರೆ ದೊಡ್ಡ ಕಾಳುಗಳ ನಡುವಿನ ಸಂದಿಯನ್ನು ಸಣ್ಣವು ಮುಚ್ಚಿಬಿಡುತ್ತವೆ. ಈ ಒಂದು ವಿಷಯ ಸರಿಯಿದ್ದರೆ ಮಣ್ಣು ಯಾವುದು ಅನ್ನುವುದು ಎರಡನೆಯ ಮಾತು.

ಈಗ ಅಕಡಾಮ. ಜಪಾನಿನ ಟೋಚಿಗಿ, ಇಬಾರಾಕಿ ಪ್ರಾಂತ್ಯಗಳ ಕಡೆ ನೆಲದಿಂದ ಅಗೆದು ತೆಗೆಯುವ, ಜ್ವಾಲಾಮುಖಿಯ ಬೂದಿಯಿಂದಾದ ಕೆಂಪು ಕಂದು ಜೇಡಿ. ಒಣಗಿಸಿ, ಗಾತ್ರದ ಪ್ರಕಾರ ಬೇರ್ಪಡಿಸಿ ಚೀಲಕ್ಕೆ ತುಂಬುತ್ತಾರೆ. ಗಟ್ಟಿ ದರ್ಜೆಯದು ಬೇರೆ, ಸುಟ್ಟು ಇನ್ನಷ್ಟು ಗಟ್ಟಿ ಮಾಡಿದ್ದು ಬೇರೆ. ಇದರ ಒಳ್ಳೆಯ ಗುಣಗಳನ್ನು ಹೇಳಲು ನನಗೆ ಖುಷಿಯೇ. ನೀರನ್ನೂ ಗೊಬ್ಬರದ ಸತ್ವವನ್ನೂ ಹಿಡಿದಿಟ್ಟುಕೊಂಡು ನಿಧಾನಕ್ಕೆ ಬಿಡುತ್ತದೆ. ನೆಂದಾಗ ಗಾಢ ಬಣ್ಣ, ಒಣಗಿದಾಗ ತಿಳಿ ಬಣ್ಣ. ನೀರು ಹಾಕಬೇಕಾ ಬೇಡವಾ ಅಂತ ದೂರದಿಂದಲೇ ಗೊತ್ತಾಗುತ್ತದೆ. ಹೊಸಬರಿಗೆ ಇದಕ್ಕಿಂತ ದೊಡ್ಡ ಸಹಾಯ ಇಲ್ಲ. ಎಲ್ಲಕ್ಕಿಂತ ಮುಖ್ಯ, ಎಳೆ ಬೇರುಗಳು ಕಾಳಿನ ಒಳಕ್ಕೇ ನುಗ್ಗುತ್ತವೆ. ಅಲ್ಲಿ ಕವಲೊಡೆಯುತ್ತವೆ. ಅಕಡಾಮ ಜಾಸ್ತಿ ಹಾಕಿದ ಮೇಪಲ್ಲನ್ನು ಮುಂದಿನ ಸಲ ಎತ್ತಿದಾಗ ತಳದಲ್ಲಿ ಕಂಡದ್ದು ದಪ್ಪ ಬೇರಲ್ಲ, ಕೂದಲಿನಷ್ಟು ಸಪೂರವಾದ ಬೇರುಗಳ ಬಲೆ. ಬೇರು ಸಪೂರವಾಗಿ ಕವಲೊಡೆದರೆ ಮೇಲೆ ರೆಂಬೆಯೂ ಸಪೂರವಾಗಿಯೇ ಕವಲೊಡೆಯುತ್ತದೆ. ಮೇಪಲ್ ಸಾಕುವವರಿಗೆ ಬೇಕಾಗಿರುವುದು ಅದೇ ಅಲ್ವಾ?

ಕೊರತೆ ಒಂದೇ, ಆದರೆ ಅದು ಸಣ್ಣದಲ್ಲ. ಅಕಡಾಮ ಪುಡಿಯಾಗುತ್ತದೆ. ಬೇರು ಒಳಗಿನಿಂದ ಒಡೆಯುತ್ತದೆ, ನೀರು ಮೆತ್ತಗೆ ಮಾಡುತ್ತದೆ. ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟಿ ಕರಗುವ ಜಾಗಗಳಲ್ಲಂತೂ ಇನ್ನೂ ಬೇಗ. ಕೆಲವು ವರ್ಷಗಳಲ್ಲಿ ಕುಂಡದ ತಳ ಮತ್ತೆ ಅಂಟು ಜೇಡಿಯಾಗುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ ಹೇಗೂ ಕುಂಡ ಬದಲಿಸುವ ಮೇಪಲ್‌ಗೆ ಇದರಿಂದ ತೊಂದರೆ ಇಲ್ಲ. ನಾಲ್ಕೈದು ವರ್ಷ ಮುಟ್ಟದೆ ಬಿಡಬೇಕಾದ ಪೈನ್‌ಗೆ ಬರೀ ಅಕಡಾಮ ಹಾಕುವುದನ್ನು ನಾನು ಒಪ್ಪುವುದಿಲ್ಲ. ಕೊಳ್ಳುವ ಮುಂಚೆ ಗಟ್ಟಿತನ ಪರೀಕ್ಷಿಸಿ. ಕೆಲವು ಕಾಳುಗಳನ್ನು ರಾತ್ರಿಯೆಲ್ಲ ನೀರಲ್ಲಿ ನೆನೆಹಾಕಿ, ಬೆಳಗ್ಗೆ ಎರಡು ಬೆರಳ ನಡುವೆ ಒತ್ತಿ ನೋಡಿ. ಕೆಸರಾಗಿ ಹರಡಿದರೆ ಆ ಚೀಲ ಬೇಡ. ಇನ್ನೂ ಖಾತ್ರಿ ಬೇಕಿದ್ದರೆ ನೆಂದ ಕಾಳನ್ನು ಫ್ರೀಜರಿನಲ್ಲಿಟ್ಟು, ತೆಗೆದು ಕರಗಿಸಿ ಒತ್ತಿ. ಗಟ್ಟಿ ದರ್ಜೆಯದು ಇದಕ್ಕೂ ಸುಲಭಕ್ಕೆ ಬಗ್ಗುವುದಿಲ್ಲ.

ಪ್ಯೂಮಿಸ್‌ಗೆ ಈ ತಲೆನೋವು ಇಲ್ಲ. ಬೆಳ್ಳಗಿನ, ಹಗುರವಾದ, ಮೈತುಂಬ ತೂತಿರುವ ಜ್ವಾಲಾಮುಖಿ ಕಲ್ಲು. ಆ ತೂತುಗಳಲ್ಲಿ ನೀರು ನಿಲ್ಲುತ್ತದೆ, ಕಾಳುಗಳ ನಡುವೆ ಗಾಳಿ ಆಡುತ್ತದೆ. ವರ್ಷಗಟ್ಟಲೆ ಇದ್ದರೂ ಕಾಳು ಕಾಳಾಗಿಯೇ ಉಳಿಯುತ್ತದೆ. ನೆಲದಿಂದ ಆಗಷ್ಟೇ ಎತ್ತಿದ ಗಿಡಕ್ಕೆ, ಬೇರು ಕೊಳೆತು ಸೊರಗಿದ ಗಿಡಕ್ಕೆ ನಾನು ಬರೀ ಪ್ಯೂಮಿಸ್ ಹಾಕುತ್ತೇನೆ. ಹೊಸ ಬೇರು ಬೇಗ ಹೊರಡುತ್ತದೆ. ನನ್ನ ಜುನಿಪರ್ ಒಂದು ತುದಿಯಿಂದ ಹಳದಿಯಾಗುತ್ತಾ ಬಂದಾಗ ಅದನ್ನು ಉಳಿಸಿಕೊಂಡದ್ದು ಪ್ಯೂಮಿಸ್ ಅಂತ ನಾನು ನಂಬಿದ್ದೇನೆ. ತೊಂದರೆ ಅಂದರೆ ತೂಕ ಇಲ್ಲ. ಒಣಗಿದ ಕಾಳು ನೀರಿನಲ್ಲಿ ತೇಲುತ್ತದೆ, ಜೋರಾಗಿ ನೀರು ಹಾಕಿದರೆ ಕುಂಡದ ಅಂಚು ದಾಟಿ ಹೋಗುತ್ತದೆ. ಗಿಡವೂ ಅಲ್ಲಾಡುತ್ತದೆ. ತಂತಿಯಿಂದ ಬೇರನ್ನು ಕುಂಡಕ್ಕೆ ಬಿಗಿಯಾಗಿ ಕಟ್ಟದೆ ಪ್ಯೂಮಿಸ್‌ನಲ್ಲಿ ಗಿಡ ಕೂರಿಸಬೇಡಿ. ಅಲ್ಲಾಡುವ ಗಿಡದ ಎಳೆ ಬೇರು ಹುಟ್ಟುತ್ತಿದ್ದಂತೆ ಹರಿಯುತ್ತದೆ.

ಲಾವಾ ಈ ಜೋಡಿಗೆ ತೂಕ ಕೊಡುತ್ತದೆ. ನೀರು ಹಿಡಿಯುವುದು ಕಮ್ಮಿ, ಒಡೆಯುವುದೇ ಇಲ್ಲ. ಅಂಚು ಹರಿತ. ಬೇರು ಕತ್ತರಿಸುವಾಗ ಕತ್ತರಿಯ ಅಲಗು ಮೊಂಡಾಗುವುದು ಖಂಡಿತ, ಆದ್ದರಿಂದ ಬೇರಿಗೆ ಹಳೆಯ ಕತ್ತರಿ ಇಟ್ಟುಕೊಳ್ಳಿ. ತುಂಬ ಮಳೆ ಬೀಳುವ ಕಡೆ ಲಾವಾ ಜಾಸ್ತಿ ಮಾಡಬಹುದು. ಬೇರೆ ಕಡೆ ಇಲ್ಲದಿದ್ದರೂ ನಡೆಯುತ್ತದೆ.

ಕನುಮ ಅಂತ ಇನ್ನೊಂದಿದೆ. ಜಪಾನಿನ ಅಕಾಗಿ ಬೆಟ್ಟ 40 ಸಾವಿರ ವರ್ಷಕ್ಕೂ ಹಿಂದೆ ಸಿಡಿದಾಗ ಬಿದ್ದ ಹಳದಿ ಪ್ಯೂಮಿಸ್ ಅದು, ಮೆತ್ತಗಿರುತ್ತದೆ, ಆಮ್ಲದ ಗುಣ ಇದೆ. ಅಜೇಲಿಯಾ ಅನ್ನುವ ಹೂಗಿಡ ಸಾಕುವವರಿಗೆ ಬಿಟ್ಟರೆ ಉಳಿದವರಿಗೆ ಇದರ ಅಗತ್ಯ ಕಾಣುವುದಿಲ್ಲ.

ಕಲಸುವ ಅಳತೆ ಬಗ್ಗೆ ವಾದಗಳು ಮುಗಿಯುವುದೇ ಇಲ್ಲ. ನಾನು ಮೇಪಲ್‌ಗೆ ಎರಡು ಪಾಲು ಅಕಡಾಮ, ತಲಾ ಒಂದು ಪಾಲು ಪ್ಯೂಮಿಸ್ ಮತ್ತು ಲಾವಾ ಹಾಕುತ್ತೇನೆ. ಜುನಿಪರ್‌ಗೆ ಮೂರೂ ಸಮ. ಫೈಕಸ್‌ಗೆ ಪ್ಯೂಮಿಸ್ ಜಾಸ್ತಿ, ಅಕಡಾಮ ಸ್ವಲ್ಪ. ಆದರೆ ಇದನ್ನು ಹಾಗೆಯೇ ತೆಗೆದುಕೊಳ್ಳಬೇಡಿ. ದಿನಕ್ಕೆ ಎಷ್ಟು ಸಲ ನೀರು ಹಾಕಲು ನಿಮಗೆ ಆಗುತ್ತದೆ? ಒಂದೇ ಸಲ ಅಂತಾದರೆ, ಬಿಸಿಲೂ ಜೋರಿದ್ದರೆ, ಅಕಡಾಮ ಹೆಚ್ಚಿಸಿ. ಸುಮ್ನೆ ಬೇರೆಯವರ ಅಳತೆ ನಕಲು ಮಾಡಿದರೆ ಗಿಡ ಒಣಗುವುದೋ ಕೊಳೆಯುವುದೋ ಆಗುತ್ತದೆ. ಇವು ಯಾವುವೂ ಸಿಗದಿದ್ದರೆ ಚೆನ್ನಾಗಿ ಸುಟ್ಟ ಇಟ್ಟಿಗೆಯನ್ನು ಕುಟ್ಟಿ ಜರಡಿ ಹಿಡಿದ ಕಾಳು ಕೂಡ ಕೆಲಸ ಮಾಡುತ್ತದೆ. ತೋಟದ ಮಣ್ಣಿಗಿಂತ ಅದು ಎಷ್ಟೋ ಮೇಲು.

ಇಷ್ಟೆಲ್ಲ ಒಳ್ಳೆಯ ಮಣ್ಣು ತಂದು ತಪ್ಪು ಹೊತ್ತಿನಲ್ಲಿ ಹಾಕಿದರೆ ಏನೂ ಪ್ರಯೋಜನವಿಲ್ಲ. ಚೀಲದ ಹಿಂದೆ ‘ವಸಂತದಲ್ಲಿ ಬಳಸಿ’ ಅಂತ ಒಂದು ಸಾಲು ಇರುತ್ತದೆ. ಆ ಸಾಲು ಸಾಕಾಗುವುದಿಲ್ಲ. ಕ್ಯಾಲೆಂಡರ್ ನೋಡಬೇಡಿ, ಮೊಗ್ಗು ನೋಡಿ.

ಎಲೆ ಉದುರಿಸುವ ಮರಗಳು ಚಳಿಗಾಲ ಪೂರ್ತಿ ತಮ್ಮ ಸಕ್ಕರೆ, ಪಿಷ್ಟವನ್ನು ಕಾಂಡದಲ್ಲಿ, ಬೇರಿನಲ್ಲಿ ಕೂಡಿಟ್ಟುಕೊಂಡಿರುತ್ತವೆ. ನೆಲ ಬೆಚ್ಚಗಾದ ಹಾಗೆ ಎಲೆಯ ಮೊಗ್ಗು ಊದುತ್ತದೆ. ಸಿಪ್ಪೆಯ ಸಂದಿಯಲ್ಲಿ ಹಸಿರಿನ ಗೆರೆ ಇಣುಕುತ್ತದೆ. ಕುಂಡ ಬದಲಿಸಲು, ಅಂದರೆ ಗಿಡ ಎತ್ತಿ ಬೇರು ಕತ್ತರಿಸಿ ಹೊಸ ಮಣ್ಣು ಹಾಕಲು, ಅದೇ ಹೊತ್ತು. ಆಗ ಕೂಡಿಟ್ಟ ಶಕ್ತಿ ಪೂರ್ತಿ ಇರುತ್ತದೆ, ನೀರು ಕೇಳುವ ಎಲೆ ಒಂದೂ ಇರುವುದಿಲ್ಲ. ಬೇರು ಕತ್ತರಿಸಿದರೂ ಮರ ತಡೆದುಕೊಳ್ಳುತ್ತದೆ. ಒಂದೆರಡು ವಾರ ತಡ ಮಾಡಿ ಎಳೆ ಎಲೆ ಬಿಚ್ಚಿಕೊಂಡ ಮೇಲೆ ಕತ್ತರಿಸಿದರೆ ಲೆಕ್ಕ ತಿರುಗುತ್ತದೆ. ಶಕ್ತಿ ಎಲೆಗೆ ಖರ್ಚಾಗಿರುತ್ತದೆ, ಎಲೆ ನೀರು ಕೇಳುತ್ತಿರುತ್ತದೆ, ಕೊಡುವ ಬೇರು ಇರುವುದಿಲ್ಲ. ತೀರಾ ಮುಂಚೆಯೂ ಬೇಡ. ಗಾಯವಾದ ಬೇರು ತಣ್ಣನೆಯ ಒದ್ದೆ ಮಣ್ಣಿನಲ್ಲಿ ಬೆಳೆಯದೆ ಕೂತರೆ ಕೊಳೆಯುತ್ತದೆ.

ಪೈನ್‌ನಲ್ಲಿ ತುದಿಯ ಮೊಗ್ಗು ಉದ್ದವಾಗಲು ಶುರುವಾಗುವುದನ್ನು ಕಾಯಬೇಕು. ಜುನಿಪರ್‌ನಲ್ಲಿ ಮೊಗ್ಗು ಕಾಣುವುದಿಲ್ಲ, ರೆಂಬೆಯ ತುದಿಗಳು ತಿಳಿ ಹಸಿರಾಗುವುದೇ ಗುರುತು. ಇವೆರಡರಲ್ಲೂ ಹಳೆಯ ಮಣ್ಣನ್ನು ಪೂರ್ತಿ ತೊಳೆದು ಬೇರು ಬೆತ್ತಲೆ ಮಾಡಬೇಡಿ. ಪೈನ್ ಬೇರಿನ ಜೊತೆ ಬದುಕುವ ಶಿಲೀಂಧ್ರ ಆ ಮಣ್ಣಿನಲ್ಲಿರುತ್ತದೆ. ಈ ಸಲ ಒಂದು ಬದಿ, ಮುಂದಿನ ಸಲ ಇನ್ನೊಂದು ಬದಿ ಅಂತ ಮಾಡುವುದು ಕ್ಷೇಮ. ಫೈಕಸ್‌ನದು ಬೇರೆಯೇ ದಾರಿ. ಅದಕ್ಕೆ ಚಳಿಗಾಲದ ನಿದ್ದೆ ಇಲ್ಲ. ಹೊಸ ಎಲೆ ಬಿಡುತ್ತಿರುವಾಗ, ರಾತ್ರಿಗಳೂ ಬೆಚ್ಚಗಿರುವಾಗ ಮಾಡಿದರೆ ಸಾಕು. ಸತ್ಸುಕಿ ಅಜೇಲಿಯಾವನ್ನು ಹೂ ಬಾಡಿದ ಮೇಲೆ, ಅಂದರೆ ಜಪಾನಿನಲ್ಲಿ ಮೇ-ಜೂನ್ ಕಳೆಯುವ ಹೊತ್ತಿಗೆ ಮಾಡುತ್ತಾರೆ.

ಪ್ರತಿ ವಸಂತಕ್ಕೂ ಕುಂಡ ಬದಲಿಸಲೇಬೇಕು ಅಂತಲೂ ಇಲ್ಲ. ಹಾಕಿದ ನೀರು ಇಳಿಯದೆ ಮೇಲೆ ನಿಂತರೆ, ಗಿಡ ಕುಂಡದಿಂದ ಮೇಲಕ್ಕೆ ಎದ್ದಂತೆ ಕಂಡರೆ, ಚಾಪ್‌ಸ್ಟಿಕ್ ಚುಚ್ಚಲು ಹೋದರೆ ಒಳಗೆ ಹೋಗದಿದ್ದರೆ, ಆಗ ಮಾಡಿ. ನೀರು ಸಲೀಸಾಗಿ ಇಳಿಯುತ್ತಿದ್ದರೆ ಬಿಟ್ಟುಬಿಡಿ. ಚೆನ್ನಾಗಿರುವ ಬೇರನ್ನು ಕೆದಕಿ ಗಿಡದ ಒಂದು ವರ್ಷ ಹಾಳು ಮಾಡುವವರನ್ನು ಕಂಡರೆ ನನಗೆ ನಿಜವಾಗಿಯೂ ಬೇಸರವಾಗುತ್ತದೆ.

ಕೆಲಸದ ದಿನ ಮಣ್ಣನ್ನು ಮೊದಲೇ ಜರಡಿ ಹಿಡಿದು ಇಟ್ಟುಕೊಂಡಿರಿ. ಬೇರು ಗಾಳಿಗೆ ತೆರೆದುಕೊಂಡು ಕಾಯಬಾರದು. ಪೈನ್, ಜುನಿಪರ್‌ನಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬೇರು ತೆಗೆಯಬೇಡಿ. ಹೊಸ ಮಣ್ಣನ್ನು ಚಾಪ್‌ಸ್ಟಿಕ್‌ನಿಂದ ಬೇರಿನ ಸಂದಿಗಳಿಗೆ ಮೆಲ್ಲಗೆ ಇಳಿಸಿ, ಕುಟ್ಟಬೇಡಿ. ಕುಟ್ಟಿದರೆ ಅಕಡಾಮ ಅಲ್ಲೇ ಪುಡಿಯಾಗುತ್ತದೆ. ಆಮೇಲೆ ತಳದಿಂದ ತಿಳಿನೀರು ಬರುವವರೆಗೆ ನೀರು ಹಾಕಿ. ಮೊದಲು ಬರುವ ಕಂದು ನೀರು ಜರಡಿಗೆ ಸಿಗದ ಧೂಳು, ಅದು ಒಳಗೆ ಉಳಿಯಬಾರದು. ಗಾಳಿ, ಬಿರುಬಿಸಿಲು ತಾಗದ ಜಾಗದಲ್ಲಿಡಿ. ಗೊಬ್ಬರಕ್ಕೆ ಒಂದು ತಿಂಗಳು ಆತುರ ಬೇಡ.

ಕೊಳ್ಳುವವರಿಗೆ ಇನ್ನೊಂದು ವಿಷಯ. ಪ್ಯೂಮಿಸ್ ಮತ್ತು ಲಾವಾವನ್ನು ಹಳೆಯ ಕುಂಡದಿಂದ ತೆಗೆದು, ತೊಳೆದು, ಬಿಸಿಲಿಗೆ ಒಣಗಿಸಿ, ಜರಡಿ ಹಿಡಿದು ಮತ್ತೆ ಬಳಸಬಹುದು. ರೋಗ ಬಂದ ಗಿಡದ್ದಾದರೆ ಬೇಡ. ಆದ್ದರಿಂದ ಅವನ್ನು ದೊಡ್ಡ ಚೀಲದಲ್ಲೇ ತನ್ನಿ, ನಷ್ಟವಿಲ್ಲ. ಅಕಡಾಮವನ್ನು ಮಾತ್ರ ಆ ವಸಂತಕ್ಕೆ ಬೇಕಾದಷ್ಟೇ ತನ್ನಿ. ಚೀಲವನ್ನು ಎತ್ತಿ ಇಳಿಸಿ ಮಾಡಿದಷ್ಟೂ ಕಾಳುಗಳು ಒಂದಕ್ಕೊಂದು ಉಜ್ಜಿ ತಳದಲ್ಲಿ ಧೂಳು ಸೇರುತ್ತದೆ. ಆ ಧೂಳನ್ನು ನಾನು ನೆಲದಲ್ಲಿ ಬೆಳೆಯುವ ಗಿಡಗಳ ಬುಡಕ್ಕೆ ಹಾಕುತ್ತೇನೆ.