ಅವ್ವನ ಕಾಲಿನ ಹುಣ್ಣಿಗೆ ಹೈಡ್ರೋಜೆಲ್: ವರ್ಷದ ಮೇಲೆ ಬಳಸಿ ಕಂಡದ್ದು

ಹೈಡ್ರೋಜೆಲ್ ಅಂದರೆ ಗಾಯವನ್ನು ತೇವವಾಗಿಡುವ, ನೀರು ತುಂಬಿದ ಜೆಲ್. ಒಣಗಿದ ಹುಣ್ಣಿಗೆ ಇದು ಬಹಳ ಒಳ್ಳೆಯದು, ಸೋರುವ ಹುಣ್ಣಿಗೆ ಬೇಡ. ವರ್ಷಕ್ಕಿಂತ ಜಾಸ್ತಿ ಬಳಸಿದ ಮೇಲೆ ಇದು ನನ್ನ ಅಭಿಪ್ರಾಯ.

ಅವ್ವನಿಗೆ ಶುಗರ್ ಹಳೆಯದು. ಅಂಗಾಲಿನಲ್ಲಿ, ಹೆಬ್ಬೆರಳಿನ ಬುಡಕ್ಕೆ ಹುಣ್ಣಾಗಿತ್ತು. ಪಾದ ಜೋಮು ಹಿಡಿದಿದ್ದರಿಂದ ನೋವೇ ಗೊತ್ತಾಗಿರಲಿಲ್ಲ. ಮೊದಲು ಬರೀ ಗಾಜ್ ಪಟ್ಟಿ ಕಟ್ಟುತ್ತಿದ್ದೆವು. ಅದು ಒಣಗಿ ಅಂಟಿಕೊಳ್ಳುತ್ತಿತ್ತು. ಬಿಚ್ಚುವಾಗ ಹೊಸದಾಗಿ ಬಂದ ಕೆಂಪು ಮಾಂಸವೂ ಕಿತ್ತು ಬಂದು ರಕ್ತ ಬರುತ್ತಿತ್ತು. ಗಾಯ ಗಾಳಿಗೆ ಬಿಟ್ಟು ಒಣಗಿಸಬೇಕು ಅಂತ ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. ಆದರೆ ತೇವ ಇದ್ದರೆ ಗಾಯದ ಮೇಲೆ ಹೊಸ ಚರ್ಮ ಬೇಗ ಹರಡುತ್ತದೆ ಎಂದು ಜಾರ್ಜ್ ವಿಂಟರ್ ಎಂಬ ಸಂಶೋಧಕ 1962ರಲ್ಲೇ ಹಂದಿಗಳ ಮೇಲೆ ಪ್ರಯೋಗ ಮಾಡಿ ತೋರಿಸಿದ್ದರು.

ಡಾಕ್ಟರ್ ಮೊದಲು ಕಾಲಿನ ರಕ್ತದ ಓಟ ನೋಡಿದರು, ಎಕ್ಸ್‌ರೇ ತೆಗೆಸಿದರು. ಆಮೇಲೆ ಬೆಳ್ಳಿ ಸೇರಿಸಿದ ಜೆಲ್ ಬರೆದುಕೊಟ್ಟರು. ಈ ಜೆಲ್‌ನಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ನೀರೇ. ಹುಣ್ಣಿನ ಮೇಲಿದ್ದ ಹಳದಿ ಪದರ ಮೆತ್ತಗಾಗಿ, ಸಲೈನ್‌ನಲ್ಲಿ ತೊಳೆದಾಗ ತಾನೇ ಬಿಟ್ಟು ಬಂತು. ಪಟ್ಟಿ ಅಂಟುವ ಕಷ್ಟ ತಪ್ಪಿತು. ಬೆಳ್ಳಿಯು ಹುಣ್ಣಿನ ಮೇಲ್ಮೈಯ ಕ್ರಿಮಿಗಳನ್ನು ತಡೆಯುತ್ತದೆ, ಅಷ್ಟೇ. ಕೆಂಪು, ಬಾವು, ವಾಸನೆ, ಜ್ವರ ಕಂಡರೆ ಜೆಲ್ ಹಚ್ಚುತ್ತಾ ಕೂರಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ.

ನಡುವೆ ಹುಣ್ಣು ಸೋರತೊಡಗಿತು. ಸುತ್ತಲಿನ ಚರ್ಮ ನೀರಲ್ಲಿ ನೆನೆದಂತೆ ಬೆಳ್ಳಗಾಯಿತು. ಡಾಕ್ಟರ್ ಜೆಲ್ ನಿಲ್ಲಿಸಿ, ನೀರು ಹೀರುವ ಫೋಮ್ ಪಟ್ಟಿ ಹಾಕಿದರು.

ಹುಣ್ಣು ಶುದ್ಧವಾದ ಮೇಲೆ ಹೊಸ ಮಾಂಸ ಬೆಳೆಯಲು ನೆರವಾಗುವ ಪ್ರೋಟೀನ್ ಇರುವ ಜೆಲ್ ಕೊಟ್ಟರು. ಇಂಥ ಔಷಧಿಗಳಲ್ಲಿ ಬೆಕಾಪ್ಲರ್ಮಿನ್‌ಗೆ ಅಮೆರಿಕದಲ್ಲಿ 1997ರಲ್ಲೇ ಒಪ್ಪಿಗೆ ಸಿಕ್ಕಿದೆ. ಇದನ್ನು ತೆಳ್ಳಗೆ ಹಚ್ಚಬೇಕು, ದಪ್ಪ ಹಚ್ಚಿದರೆ ಸುಮ್ನೆ ದುಡ್ಡು ದಂಡ. ಬೆಲೆಯೂ ಜಾಸ್ತಿ. 2ರಿಂದ 8 ಡಿಗ್ರಿ ತಂಪಿನಲ್ಲೇ ಇರಬೇಕು, ಫ್ರೀಜರ್‌ನಲ್ಲಿ ಇಡುವ ಹಾಗಿಲ್ಲ. ಕಲಬುರಗಿಯ ಮೇ ತಿಂಗಳ ಬಿಸಿಲು ಗೊತ್ತಲ್ವಾ, 40 ದಾಟುತ್ತದೆ. ಅಂಗಡಿಯವರು ಟ್ಯೂಬನ್ನು ಫ್ರಿಜ್‌ನಿಂದ ತೆಗೆದು ಕೊಡುತ್ತಾರೋ, ಕಪಾಟಿನಿಂದಲೋ, ನಿಂತು ನೋಡಿ. ಐಸ್ ಪ್ಯಾಕ್ ಕೇಳಿ ಪಡೆಯಿರಿ. ಕರೆಂಟ್ ಹೋದಾಗ ಫ್ರಿಜ್ ಬಾಗಿಲು ತೆರೆಯಬೇಡಿ.

ಯಾವ ಜೆಲ್ ಆದರೂ, ಹುಣ್ಣಿನ ಮೇಲೆ ಭಾರ ಬಿದ್ದರೆ ಕೆಲಸ ಮಾಡಲ್ಲ. ನಮ್ಮ ಮನೆಗಳಲ್ಲಿ ಶಹಾಬಾದ್ ಕಲ್ಲಿನ ನೆಲ, ಒಳಗೆ ಎಲ್ಲರೂ ಬರಿಗಾಲು. ಅಂಗಳದ ಕಲ್ಲು ಮಧ್ಯಾಹ್ನ ಕಾದು ಸುಡುತ್ತದೆ, ಜೋಮು ಹಿಡಿದ ಪಾದಕ್ಕೆ ಅದು ಗೊತ್ತೇ ಆಗುವುದಿಲ್ಲ. ಅವ್ವ ಮನೆಯೊಳಗೆ ಚಪ್ಪಲಿ ಹಾಕಲು ಒಪ್ಪಲೇ ಇಲ್ಲ. ಕೊನೆಗೆ ಒಳಗಿಗೇ ಬೇರೆ ಒಂದು ಜೊತೆ ಎಂಸಿಆರ್ (ಮೆತ್ತನೆಯ ರಬ್ಬರಿನ) ಚಪ್ಪಲಿ ತಂದೆವು, ದೇವರ ಕೋಣೆಗೆ ಮಾತ್ರ ಬಿಟ್ಟು ಹೋಗುತ್ತಾಳೆ. ಹುಣ್ಣು ನಿಜವಾಗಿ ಸಣ್ಣದಾಗತೊಡಗಿದ್ದು ಆಮೇಲೆಯೇ. ಈಗ ಮುಚ್ಚಿದೆ.

ಕೊಳ್ಳುವವರು ಸಣ್ಣ ಟ್ಯೂಬೇ ತಗೊಳ್ಳಿ. ವಾರಕ್ಕೊಮ್ಮೆ ಅಳತೆಪಟ್ಟಿ ಪಕ್ಕದಲ್ಲಿಟ್ಟು ಹುಣ್ಣಿನ ಫೋಟೋ ತೆಗೆಯಿರಿ. ನಾಲ್ಕು ವಾರದಲ್ಲಿ ಅರ್ಧದಷ್ಟೂ ಕುಗ್ಗದಿದ್ದರೆ ಆ ಫೋಟೋಗಳನ್ನು ಡಾಕ್ಟರಿಗೆ ತೋರಿಸಿ, ಚಿಕಿತ್ಸೆ ಬದಲಿಸಬೇಕಾ ಎಂದು ಕೇಳಿ.